ಬಣ್ಣಗಾರನ ಮೊಲಗಳು

“ಗುರುಗಳೇ, ಊರಿನ ಜನರ ಕಣ್ಣು ಉಳಿಯುವುದಾದರೆ ಒಂದು ಪ್ರಾಣಿಯ ಕಣ್ಣು ಹೋದರೆ ತಪ್ಪೇ?”

ಕೇಳಿದವನು ಅಡಿವೆಪ್ಪ. ಮಠದ ಮದ್ದಿನ ಕೋಣೆಯಲ್ಲಿ ಬೇರು ಅರೆಯುವುದು, ಲೇಪ ಕಲೆಸುವುದು ಅವನ ಕೆಲಸ. ಅಂದು ಕಣ್ಣಿಗೆ ಹಚ್ಚುವ ಹೊಸದೊಂದು ಲೇಪ ಕಲೆಸಿದ್ದ. ಅದನ್ನು ಮೊದಲು ಯಾರಿಗೆ ಹಚ್ಚಿ ನೋಡಬೇಕು ಎಂದು ತಿಳಿಯದೆ ಚಡಪಡಿಸುತ್ತಿದ್ದ. ಅವನ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಕಳವಳವಿತ್ತು.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಬಯಲಾಟದವರು ಮುಖಕ್ಕೆ ಬಳಿದುಕೊಳ್ಳುವ ಬಣ್ಣ ತಯಾರಿಸುವುದು ಅವನ ಕಸುಬು. ಸುತ್ತಲಿನ ಮೇಳದವರೆಲ್ಲ ಅವನ ಅಂಗಡಿಗೇ ಬರುತ್ತಿದ್ದರು. ಬೇರೆಯವರ ಬಣ್ಣ ಹಚ್ಚಿದರೆ ಮುಖ ಉರಿಯುತ್ತಿತ್ತು, ಕಣ್ಣು ಕೆಂಪಾಗುತ್ತಿತ್ತು. ಇವನ ಬಣ್ಣದಿಂದ ಅಂಥದ್ದು ಆದದ್ದಿಲ್ಲ.

ಅದಕ್ಕೆ ಕಾರಣವಿತ್ತು. ಅವನು ಹಿತ್ತಲಲ್ಲಿ ಮೊಲ ಸಾಕಿದ್ದ. ಹೊಸ ಬಣ್ಣ ಮಾಡಿದಾಗ ಒಂದು ಮೊಲವನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದ. ತಲೆ ಮಾತ್ರ ಹೊರಗಿರುತ್ತಿತ್ತು. ಕಾಲು ಒಳಗಿರುವುದರಿಂದ ಅದು ಕಣ್ಣು ಉಜ್ಜಿಕೊಳ್ಳುವಂತಿರಲಿಲ್ಲ. ಒಂದು ಕಣ್ಣಿಗೆ ಬಣ್ಣದ ಪುಡಿ ಹಾಕುತ್ತಿದ್ದ, ಇನ್ನೊಂದನ್ನು ಹಾಗೇ ಬಿಡುತ್ತಿದ್ದ. ಬಣ್ಣ ಹಾಕಿದ ಕಣ್ಣು ಊದಿದರೆ, ಪೊರೆ ಕಟ್ಟಿದರೆ ಆ ಬಣ್ಣವನ್ನು ಮಣ್ಣಿನಲ್ಲಿ ಹೂಳುತ್ತಿದ್ದ. ಏನೂ ಆಗದಿದ್ದರೆ ಮಾರುತ್ತಿದ್ದ.

ಅವನು ಕೆಟ್ಟವನಲ್ಲ. ಮೊಲಗಳಿಗೆ ಹಸಿ ಹುಲ್ಲು ತರುತ್ತಿದ್ದ, ಚಳಿಗೆ ಗೋಣಿ ಹೊದಿಸುತ್ತಿದ್ದ. ಪೆಟ್ಟಿಗೆಯ ಕೆಲಸವನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. “ಈ ಪಾಪ ನನ್ನ ಕೈಯಲ್ಲೇ ಇರಲಿ” ಎನ್ನುತ್ತಿದ್ದ. ಅವನ ಹೆಂಡತಿ ಮೊದಮೊದಲು ಮೊಲಗಳಿಗೆ ಹೆಸರಿಟ್ಟು ಕರೆಯುತ್ತಿದ್ದಳು. ಆಮೇಲೆ ಹೆಸರಿಡುವುದನ್ನು ಬಿಟ್ಟಳು.

ಒಂದು ವರ್ಷ ಅವನು ಹೊಸದೊಂದು ಕೆಂಪು ಮಾಡಿದ. ಎಷ್ಟು ಬೆವರಿದರೂ ಮುಖದಿಂದ ಇಳಿಯದ ಕೆಂಪು. ಅದಕ್ಕೆ ಯಾವುದೋ ಮರದ ಅಂಟನ್ನು ಸೇರಿಸಿದ್ದ. ಮೊಲದ ಕಣ್ಣಿಗೆ ಹಾಕಿದ, ಏನೂ ಆಗಲಿಲ್ಲ. ಇನ್ನೊಂದು ಮೊಲಕ್ಕೆ ಹಾಕಿದ, ಅದಕ್ಕೂ ಏನೂ ಆಗಲಿಲ್ಲ. ಖುಷಿಯಿಂದ ಅದನ್ನು ದುರುಗಪ್ಪನಿಗೆ ಕೊಟ್ಟ.

ದುರುಗಪ್ಪ ಮೇಳದಲ್ಲಿ ರಾಕ್ಷಸ ವೇಷ ಹಾಕುವವನು. ಅವನು ಕುಣಿಯುತ್ತಾ ರಂಗಕ್ಕೆ ಬಂದರೆ ಮಕ್ಕಳು ತಾಯಿಯ ಸೆರಗು ಹಿಡಿಯುತ್ತಿದ್ದವು. ಆ ಕೆಂಪನ್ನು ರೆಪ್ಪೆಯ ಅಂಚಿನವರೆಗೂ ಬಳಿದುಕೊಂಡು ಒಂದು ಇಡೀ ಆಟ ಕುಣಿದ. ಆಟ ಮುಗಿಯುವ ಹೊತ್ತಿಗೆ ಅವನಿಗೆ ಕಣ್ಣು ತೆರೆಯಲಾಗಲಿಲ್ಲ. ಮೇಳದವರು ಕೈ ಹಿಡಿದು ಕೆಳಗಿಳಿಸಿದರು.

ವೈದ್ಯರು ಬಹಳ ಪ್ರಯತ್ನಪಟ್ಟರು. ಒಂದು ಕಣ್ಣು ಉಳಿಯಿತು. ಇನ್ನೊಂದರಲ್ಲಿ ಬಿಳಿ ಪೊರೆ ನಿಂತಿತು.

ಬಣ್ಣಗಾರ ಸುದ್ದಿ ಕೇಳಿ ಅನ್ನ ಬಿಟ್ಟ. ದುರುಗಪ್ಪನ ಮನೆಗೆ ಹೋಗಿ ಬಾಗಿಲಲ್ಲೇ ನಿಂತ. ಒಳಗೆ ಹೋಗಲು ಅವನಿಗೆ ಧೈರ್ಯವಾಗಲಿಲ್ಲ.

“ನೋಡಿಯೇ ಕೊಟ್ಟಿದ್ದೆನಪ್ಪಾ, ಎರಡು ಮೊಲದ ಮೇಲೆ ನೋಡಿಯೇ ಕೊಟ್ಟೆ. ಅವಕ್ಕೆ ಏನೂ ಆಗಲಿಲ್ಲ” ಎಂದ.

ದುರುಗಪ್ಪ ಬೈಯಲಿಲ್ಲ. ಬೈಯುವಷ್ಟು ಶಕ್ತಿಯೂ ಅವನಲ್ಲಿರಲಿಲ್ಲ. ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಒತ್ತಿ ಹಿಡಿದುಕೊಂಡು ಕೇಳಿದ: “ನಿಮ್ಮ ಮೊಲ ಬೆವರುತ್ತದೆಯೇ, ಯಜಮಾನರೇ?”

ಬಣ್ಣಗಾರ ಮನೆಗೆ ಬಂದು ಹಿತ್ತಲಲ್ಲಿ ಕುಳಿತ. ಮೊಲದ ಮುಖ ಬೆವರುವುದಿಲ್ಲ. ಅದು ಕುಣಿಯುವುದಿಲ್ಲ, ದೀಪದ ಕಾವಿಗೆ ನಿಲ್ಲುವುದಿಲ್ಲ, ಕರಗಿದ ಬಣ್ಣವನ್ನು ಅಂಗೈಯಿಂದ ಒರೆಸಿ ಕಣ್ಣಿಗೇ ತುಂಬಿಕೊಳ್ಳುವುದಿಲ್ಲ. ಇಷ್ಟು ವರ್ಷ ಅವನು ಮೊಲಕ್ಕೆ ನೋಯುತ್ತದೆಯೇ ಎಂದು ಕೇಳಿದ್ದ. ಮನುಷ್ಯನಿಗೆ ನೋಯುವುದಿಲ್ಲ ಎಂಬ ಉತ್ತರ ಬಂತೆಂದು ನಂಬಿದ್ದ.

ಬಣ್ಣ ಮಾಡುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಹೆಂಡತಿಗೆ ಹೇಳಿದ.

“ನೀವು ಬಿಟ್ಟರೆ ಮೇಳದವರು ಬೇರೆ ಬಣ್ಣಗಾರರ ಹತ್ತಿರ ಹೋಗುತ್ತಾರೆ. ಅವರು ಮೊಲದ ಮೇಲೂ ನೋಡುವುದಿಲ್ಲ, ಯಾವುದರ ಮೇಲೂ ನೋಡುವುದಿಲ್ಲ. ಬಿಡಬೇಡಿ. ನೋಡುವ ರೀತಿ ಬದಲಿಸಿ” ಎಂದಳು ಅವಳು.

ರೀತಿ ಬದಲಿಸುವುದು ಸುಲಭವಾಗಿರಲಿಲ್ಲ. ತನಗೆ ಗೊತ್ತಾಗಬೇಕಾದದ್ದು ಏನು ಎಂದು ಅವನು ಮೊದಲ ಬಾರಿಗೆ ಯೋಚಿಸಿದ. ಬಣ್ಣ ಬೆವರಿನಲ್ಲಿ ಕರಗಿದಾಗ ಏನಾಗುತ್ತದೆ? ಅದು ಕಣ್ಣನ್ನು ಮಸುಕು ಮಾಡುತ್ತದೆಯೇ? ಚರ್ಮವನ್ನು ಸುಡುತ್ತದೆಯೇ? ಇದನ್ನೆಲ್ಲ ತಿಳಿಯಲು ಬದುಕಿರುವ ಕಣ್ಣೇ ಬೇಕೆ?

ಕಟುಕರ ಬೀದಿಗೆ ಹೋದ. ಅವನ ಮನೆತನದವರು ಆ ಬೀದಿಯಲ್ಲಿ ಕಾಲಿಟ್ಟವರಲ್ಲ. ಜನ ತಿರುಗಿ ನೋಡಿದರು. ಅಂದು ಕೊಯ್ದ ಆಡುಗಳ ಕಣ್ಣು ಕೊಡುತ್ತೀಯಾ ಎಂದು ಒಬ್ಬ ಕಟುಕನನ್ನು ಕೇಳಿದ. ಕಟುಕ ನಕ್ಕ. “ಕಣ್ಣು ಬೇಕು ಅಂತ ಇದುವರೆಗೆ ಯಾರೂ ಬಂದಿಲ್ಲ. ದಿನವೂ ಗುಂಡಿಗೆ ಎಸೆಯುತ್ತೇವೆ. ಹಸಿಯಾಗಿದ್ದಾಗಲೇ ಒಯ್ಯಿರಿ” ಎಂದ.

ಬಣ್ಣಗಾರ ಆ ಕಣ್ಣುಗಳನ್ನು ತಣ್ಣೀರಿನಲ್ಲಿ ತೊಳೆದು ಬಟ್ಟಲಲ್ಲಿ ಸಾಲಾಗಿ ಇಟ್ಟ. ಬೆವರಿನಷ್ಟೇ ಉಪ್ಪಿರುವ ನೀರು ಕಾಯಿಸಿ, ಆರಿಸಿ, ಅದರಲ್ಲಿ ದುರುಗಪ್ಪನ ಕಣ್ಣು ಕೆಡಿಸಿದ ಕೆಂಪನ್ನು ಕರಗಿಸಿದ. ಕೆಟ್ಟದೆಂದು ಗೊತ್ತಿರುವ ಬಣ್ಣವನ್ನೇ ಈ ಪರೀಕ್ಷೆ ಪತ್ತೆ ಹಚ್ಚದಿದ್ದರೆ, ಗೊತ್ತಿಲ್ಲದ್ದನ್ನು ಹೇಗೆ ಪತ್ತೆ ಹಚ್ಚೀತು? ಒಂದು ಹನಿ ಬಿಟ್ಟ. ಗಾಜಿನಂತಿದ್ದ ಕಣ್ಣು ನೋಡುನೋಡುತ್ತಿದ್ದಂತೆ ಹಾಲಿನಂತಾಯಿತು. ಪಕ್ಕದ ಕಣ್ಣಿಗೆ ತನ್ನ ಹಳೆಯ ಅರಿಸಿನ ಬಣ್ಣದ ಹನಿ ಬಿಟ್ಟ. ಎಷ್ಟೋ ಮುಖಗಳು ಹಚ್ಚಿಕೊಂಡು ಸುಖವಾಗಿದ್ದ ಬಣ್ಣ ಅದು. ಕಣ್ಣು ತಿಳಿಯಾಗಿಯೇ ಉಳಿಯಿತು.

ಅವನು ಅಳುತ್ತಿದ್ದ. ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ಗೊತ್ತಿರಲಿಲ್ಲ.

ಆದರೆ ಒಂದೇ ಸಾಕ್ಷಿಯನ್ನು ನಂಬಿ ಅವನು ಆಗಲೇ ಒಮ್ಮೆ ಕೆಟ್ಟಿದ್ದ. ಆದ್ದರಿಂದ ಅಲ್ಲಿಗೇ ನಿಲ್ಲಲಿಲ್ಲ. ಮೊಟ್ಟೆಯ ಬಿಳಿಯಲ್ಲಿ ಬಣ್ಣ ಕಲಸಿ, ಕೆಟ್ಟ ಕಣ್ಣಿನಂತೆ ಅದೂ ಮಸುಕಾಗಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡಿದ. ಎರಡು ಸಾಕ್ಷಿ ಒಂದಕ್ಕೊಂದು ಒಪ್ಪದಿದ್ದಾಗ ಬಣ್ಣವನ್ನು ಹೂಳಿದ. ಎರಡೂ ಒಳ್ಳೆಯದೆಂದರೆ ಮಾತ್ರ ತನ್ನ ಮುಂದೋಳಿನ ಒಳಬದಿಗೆ ಚಿಟಿಕೆಯಷ್ಟು ಹಚ್ಚಿ, ಒದ್ದೆ ಬಟ್ಟೆ ಸುತ್ತಿ, ಮಾರನೆಯ ದಿನ ಬಿಚ್ಚಿದ. ಅವನ ತೋಳಿನಲ್ಲಿ ಕೆಲವು ಕಲೆಗಳು ಕೊನೆಯವರೆಗೂ ಹೋಗಲಿಲ್ಲ.

ಎಷ್ಟೋ ಬಣ್ಣ ಮಣ್ಣಿಗೆ ಹೋಯಿತು. ಎಷ್ಟೋ ದಿನ ಅಂಗಡಿ ಖಾಲಿಯಿತ್ತು. ಕೆಲವು ಮೇಳದವರು ಕಾಯಲಾರದೆ ಬೇರೆ ಕಡೆ ಹೋದರು.

ಕೊನೆಗೊಂದು ಕೆಂಪು ಎಲ್ಲವನ್ನೂ ದಾಟಿ ಬಂತು. ಅದನ್ನು ಹಿಡಿದುಕೊಂಡು ದುರುಗಪ್ಪನ ಮನೆಗೆ ಹೋದ. ಏನೇನು ಮಾಡಿದ, ಏನು ಕಂಡ, ಏನು ಇನ್ನೂ ತನಗೆ ಗೊತ್ತಿಲ್ಲ ಎಂಬುದನ್ನೆಲ್ಲ ಬಿಡದೆ ಹೇಳಿದ. “ಹಚ್ಚಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ” ಎಂದ.

ದುರುಗಪ್ಪ ಕೆನ್ನೆಯ ಕೆಳಗೆ, ಕಣ್ಣಿನಿಂದ ದೂರದಲ್ಲಿ ತಾನೇ ಒಂದು ಗೆರೆ ಎಳೆದುಕೊಂಡ. ಉರಿಯಲಿಲ್ಲ. ಮರುವಾರ ಇನ್ನೊಂದಿಷ್ಟು ಮೇಲಕ್ಕೆ ಹಚ್ಚಿದ. ಆ ಸುಗ್ಗಿಯಲ್ಲಿ ಅವನು ಒಂದೇ ಕಣ್ಣಿನ ರಾಕ್ಷಸನಾಗಿ ರಂಗಕ್ಕೆ ಬಂದ. ಮಕ್ಕಳು ಮೊದಲಿಗಿಂತ ಹೆಚ್ಚು ಹೆದರಿದವು. ಅದನ್ನು ಹೇಳಿಕೊಂಡು ಅವನು ನಗುತ್ತಿದ್ದ. ಬಣ್ಣಗಾರನಿಗೆ ಮಾತ್ರ ನಗಲಾಗುತ್ತಿರಲಿಲ್ಲ.

ಮೊಲಗಳು ಹಿತ್ತಲಲ್ಲೇ ಉಳಿದವು. ಅರೆಗುರುಡು ಮೊಲಗಳನ್ನು ಕಾಡಿಗೆ ಬಿಟ್ಟರೆ ನಾಯಿ ನರಿಗಳ ಪಾಲಾಗುತ್ತಿದ್ದವು. ಪೆಟ್ಟಿಗೆಯನ್ನು ಒಡೆದು ಒಲೆಗೆ ಹಾಕಿದ. ದಿನವೂ ತಾನೇ ಹುಲ್ಲು ಒಯ್ದು ಹಾಕುತ್ತಿದ್ದ. ಹೆಂಡತಿ ಹೋದರೆ ಅವು ಅವಳ ಕಾಲ ಹತ್ತಿರ ಬರುತ್ತಿದ್ದವು. ಅವನ ಹೆಜ್ಜೆ ಕೇಳಿದರೆ ಮೂಲೆಗೆ ಸರಿದು ಒಂದರ ಮೇಲೊಂದು ಮುದುಡಿಕೊಳ್ಳುತ್ತಿದ್ದವು. ಅವನು ಹುಲ್ಲನ್ನು ಅಲ್ಲೇ ಇಟ್ಟು ದೂರ ಸರಿಯುತ್ತಿದ್ದ. ಅವು ತಿನ್ನುವ ಸದ್ದು ಕೇಳುವವರೆಗೆ ಬೇಲಿಯ ಆಚೆ ನಿಂತಿರುತ್ತಿದ್ದ. ಕೊನೆಯ ಮೊಲ ಸಾಯುವವರೆಗೂ ಹಾಗೆಯೇ ನಡೆಯಿತು. ಅದು ಕೂಡ ಒಮ್ಮೆಯೂ ಅವನ ಹತ್ತಿರ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. “ಮೊಲ ಕೊಟ್ಟ ಉತ್ತರ ತಪ್ಪಾಗಿತ್ತು, ಅದಕ್ಕೆ ಅವನು ಬಿಟ್ಟ. ಸರಿಯಾಗಿದ್ದಿದ್ದರೆ, ಗುರುಗಳೇ? ದುರುಗಪ್ಪನ ಕಣ್ಣು ಉಳಿದಿದ್ದರೆ?” ಎಂದ.

“ಆಗ ಅವನು ಬೇರೆ ದಾರಿ ಹುಡುಕುತ್ತಲೇ ಇರಲಿಲ್ಲ; ದಾರಿ ಮಾತ್ರ ಆಗಲೂ ಇರುತ್ತಿತ್ತು” ಎಂದರು ಗುರುಗಳು.

ಅಡಿವೆಪ್ಪ ಮದ್ದಿನ ಕೋಣೆಗೆ ಹೋಗಿ, ಕಲೆಸಿದ್ದ ಲೇಪವನ್ನು ಯಾವ ಕಣ್ಣಿಗೂ ಹಚ್ಚದೆ ಮುಚ್ಚಿಟ್ಟ.