ದೊರೆ ಕಾಲೆತ್ತಿದ್ದು

“ಅಣ್ಣಾ, ಹುಲಿಹಳ್ಳಿಗೆ ದಾರಿ ಯಾವುದಪ್ಪಾ?”

ಬಳೆಗಾರ್ತಿ ಸಂಕಮ್ಮ ಏಳು ಸೀಮೆ ಸುತ್ತಿದವಳು. ಅವತ್ತು ಮಾತ್ರ ಒಂದೇ ಹುಣಸೆಮರವನ್ನು ಮೂರು ಸಲ ದಾಟಿದ್ದಳು. ಸಂಜೆಯೊಳಗೆ ಹುಲಿಹಳ್ಳಿಯ ಮದುಮಗಳಿಗೆ ಬಳೆ ತೊಡಿಸದಿದ್ದರೆ ಹಸೆಗೆ ಕೂರಿಸುವಂತಿಲ್ಲ.

ಅವಳು ಕೇಳಿದ್ದು ಕಲ್ಲುಕುಟಿಗ ದುರುಗಪ್ಪನನ್ನು. “ದಾರಿ ಎಲ್ಲಿಗೆ ಹೋಗ್ತದೆ ತಾಯಿ, ನನ್ನ ಬಾವಿ ಕತೆ ಕೇಳು!” ಎಂದು ಅವನು ಶುರುಮಾಡಿದ. ಇಳಿಯುವವಳ ಕೊಡ ಏರುವವಳ ಕೊಡಕ್ಕೆ ತಾಗಬಾರದು, ಅಂಥ ಮೆಟ್ಟಿಲ ಬಾವಿ ಕಟ್ಟಬೇಕೆಂಬುದು ಅವನ ಆಸೆ. ಹೇಳುತ್ತ ಅವನು ನಡೆದ, ಕೇಳುತ್ತ ಇವಳೂ ನಡೆದಳು. ತಲೆಯೆತ್ತಿದರೆ ಇಬ್ಬರೂ ಎರಗುಂಟೆ ಕೋಟೆಯ ಒಳಗಿದ್ದರು!

ಕಾವಲುಗಾರ ಅಡ್ಡ ಬಂದ. “ಇವತ್ತು ಒಳಗೆ ಕಾಲಿಟ್ಟವರು ‘ಉಮೇದು’ ಅನ್ನೋ ಮಾತಿಗೆ ಅರ್ಥ ಹೇಳಬೇಕು. ತಪ್ಪಿದರೆ ಮೂರು ದಿನ ಅರಮನೆಯ ರಾಗಿ ಬೀಸಬೇಕು. ದೊರೆ ಅಪ್ಪಣೆ.”

ಆಸ್ಥಾನದಲ್ಲಿ ದೊರೆ ಓಬಳ ನಾಯಕ ಆಕಳಿಸುತ್ತಿದ್ದ. “ನಮ್ಮ ಪಂಡಿತರು ಹದಿನಾರು ಅರ್ಥ ಹೇಳಿದರು. ಹೇಳುವಾಗ ಅವರಿಗೇ ನಿದ್ದೆ ಬಂತು. ನೀನು ಹೇಳಬೇಡ, ತೋರಿಸು!”

“ಅಷ್ಟೇನಾ ಬುದ್ಧೀ?” ಸಂಕಮ್ಮ ಪಕ್ಕಕ್ಕೆ ತಿರುಗಿದಳು. “ಅಣ್ಣಾ, ನಿನ್ನ ಬಾವಿಯ ಮೆಟ್ಟಿಲು ಎಲ್ಲಿಂದ ಶುರು ಅಂದೆ?”

ಮುಗಿಯಿತು. ದುರುಗಪ್ಪ ದೊರೆಗೆ ಕೈಮುಗಿಯುವುದನ್ನೂ ಮರೆತ. ಸೊಂಟದಿಂದ ಇದ್ದಿಲು ತೆಗೆದು ನೆಲದ ಮೇಲೆ ಗೀಟೆಳೆಯುತ್ತ ಹೊರಟ. ಗೀಟು ಮಂತ್ರಿಯ ಗಾದಿ ಬಳಸಿ ಸಿಂಹಾಸನದ ಬುಡಕ್ಕೇ ಬಂತು.

“ಸ್ವಲ್ಪ ಕಾಲೆತ್ತಿ ಸ್ವಾಮಿ, ಏರೋ ದಾರಿ ಇಲ್ಲೇ ಬರ್ತದೆ.”

ದೊರೆ ಕಾಲೆತ್ತಿದ! ಮಂತ್ರಿ ತೆರೆದ ಬಾಯಿ ಮುಚ್ಚಲಿಲ್ಲ.

“ಮಳೆಗಾಲದಲ್ಲಿ ಕೆಳಗಿನ ಮೆಟ್ಟಿಲು ಮುಳುಗಿದರೆ?” ನಿದ್ದೆ ಬಿಟ್ಟೆದ್ದ ಪಂಡಿತರು ಕುತ್ತಿಗೆ ಚಾಚಿದರು.

“ಮುಳುಗಲಿ ಬಿಡಿ ಅಯ್ನೋರೆ, ಇಳಿಯೋ ಕೆಲಸ ಉಳೀತು!”

“ತಿರುವು ಸಾಲದು ಕಣಯ್ಯಾ,” ಎಂದ ದೊರೆ. “ಇಬ್ಬರು ಹೆಂಗಸರು ಮಾತಾಡ್ತಾ ನಿಂತರೆ ಮೂರನೆಯವಳು ಎಲ್ಲಿ ಹೋಗಬೇಕು? ಕೊಡಿಲ್ಲಿ!” ಇದ್ದಿಲು ಕಸಿದುಕೊಂಡು ಮೊಣಕಾಲೂರಿದ.

ಸಂಕಮ್ಮ ಮೆಲ್ಲಗೆ ಕೆಮ್ಮಿದಳು. “ಬುದ್ಧೀ, ನಿಮ್ಮನ್ನ ಸಿಂಹಾಸನದಿಂದ ಇಳಿಸೋಕೆ ಯಾವ ದಂಡು ಬಂದಿತ್ತು?”

ದೊರೆ ತನ್ನ ಮಸಿಗೈ ನೋಡಿಕೊಂಡ. ಹಿಂದಿದ್ದ ಖಾಲಿ ಸಿಂಹಾಸನ ನೋಡಿದ.

“ಅದೇ ಬುದ್ಧೀ ಉಮೇದು.”

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಾರಲ್ಲಿ, ಈಯಮ್ಮನ್ನ ಹುಲಿಹಳ್ಳಿಗೆ ಬಿಡೋಕೆ ಕುದುರೆಗಾಡಿ ಕಟ್ಟಿ! ಇನಾಮು ಏನು ಬೇಕು ಹೇಳವ್ವಾ.”

“ನಾನು ತೋರಿಸಿದ್ದು ಇವನ ಉಮೇದು ಬುದ್ಧೀ, ಕೇಳದೆ ಕಡ ತಂದಿದ್ದು. ಬಾವಿಗೆ ಕಲ್ಲು ಕೊಡಿಸಿಬಿಡಿ, ನನ್ನ ಸಾಲ ಇಲ್ಲೇ ತೀರಲಿ.”