ಹೊನ್ನಾಂಬೆ ರಾಣಿಯ ಫೋನಿನ ಬೀಗ

"ಕೇಳ್ರಪ್ಪೋ ಕೇಳ್ರಿ! ತೀರಿಕೊಂಡ ಹೊನ್ನಾಂಬೆ ರಾಣಿಯವರ ಫೋನಿನ ಪಾಸ್‌ವರ್ಡ್ ಹೇಳಿದವರಿಗೆ ಅರ್ಧ ರಾಜ್ಯ, ರಾಜಕುಮಾರಿಯ ಕೈ. ತಪ್ಪು ಹೇಳಿದವರ ಸ್ವಂತ ಫೋನನ್ನು ನಿಂತ ಜಾಗದಲ್ಲೇ ಅಳಿಸಿ ಬರಿದು ಮಾಡಲಾಗುವುದು. ಹತ್ತನೆಯ ತಪ್ಪು ಮಾಡಿದವರಿಗೆ ತಲೆದಂಡ!"

ಕೆಂಗೋಟೆಯ ಡಂಗುರದವನು ಹೀಗೆ ಸಾರುತ್ತ ಬಂದಾಗ ಹಗ್ಗ ಹೊಸೆಯುವ ಸಿದರಾಯ ಪುಂಡಿನಾರಿನ ಎಳೆ ಹಿಡಿದು ಬಿಸಿಲಿನಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದ. ಬಯಲಿನ ಆ ತುದಿಯಲ್ಲಿ ರಾಟೆ ತಿರುಗಿಸುತ್ತಿದ್ದವಳು ಅವನ ಹೆಂಡತಿ ಕಾಶವ್ವ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನನ್ನು ಕರೆಯಬೇಕಾದರೆ ಅವಳು ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದಳು. ಈಗಲೂ ಜಗ್ಗಿದಳು. ಸಿದರಾಯ ಕೆಲಸ ಬಿಟ್ಟು ಅವಳ ಪಕ್ಕಕ್ಕೆ ಹೋಗಿ ನಿಂತ.

ಡಂಗುರದವನು ನೀರು ಕುಡಿದು ಕತೆಯನ್ನೆಲ್ಲ ಬಿಚ್ಚಿದ. ಮಲ್ಲರಸ ದೊರೆ ಯುದ್ಧಕ್ಕೆ ಹೆದರಿದವನಲ್ಲ, ಈಗ ಅಂಗೈಯಗಲದ ಫೋನಿನ ಮುಂದೆ ಸೋತು ಕೂತಿದ್ದಾನೆ. ರಾಣಿಯ ದನಿ ಉಳಿದಿರುವುದು ಅದೊಂದರಲ್ಲೇ. ಬೆರಳಿನ ಗುರುತಿನಿಂದ ತೆರೆಯೋಣವೆಂದರೆ ಆ ಬೆರಳು ಅವಳೊಂದಿಗೇ ಮಣ್ಣಾಯಿತು. ಬದುಕಿದ್ದಾಗ ದೊರೆ ಒಮ್ಮೆ ಪಾಸ್‌ವರ್ಡ್ ಕೇಳಿದ್ದನಂತೆ. ಒಗಟೆಂದರೆ ಪ್ರಾಣ ಬಿಡುವ ಆ ತಾಯಿ ನೇರವಾಗಿ ಹೇಳಿಯಾಳೇ?

"ಒಂಬತ್ತು ತಪ್ಪು ಹೊಟ್ಟೆಗೆ ಹಾಕಿಕೊಳ್ಳುವವಳು, ಒಂದೊಂದಕ್ಕೂ ಇನ್ನಷ್ಟು ಹೊತ್ತು ಮುನಿಯುವವಳು, ಹತ್ತನೆಯದಕ್ಕೆ ತವರನ್ನೇ ಮರೆಯುವವಳು ಯಾರು?" ಎಂದಿದ್ದಳು. "ರಾಜ್ಯದ ಎಲ್ಲರ ಬಾಯಲ್ಲೂ ಇರುವುದು, ನನ್ನ ಬಾಯಲ್ಲಿ ಮಾತ್ರ ಇಲ್ಲದ್ದು ಯಾವುದು? ಬಾಯಿಗೆ ಬೇಲಿ ಹಾಕಿದವರು ಯಾವುದಕ್ಕೆ ಹಾಕುವುದನ್ನು ಮರೆತರು? ಮೂರನ್ನೂ ಬಿಡಿಸಿರಿ, ಬೀಗ ತಾನೇ ತೆರೆಯುತ್ತದೆ."

ನಾಳೆ ಬಿಡಿಸಿದರಾಯಿತು ಎಂದು ದೊರೆ ನಕ್ಕು ಸಭೆಗೆ ಹೋಗಿದ್ದ. ದೊರೆಗಳ ನಾಳೆ ಯಾವಾಗ ಬರುತ್ತದೆ? ಅಷ್ಟರಲ್ಲಿ ಜ್ವರ ಬಂದು ಅವಳನ್ನು ಕರೆದೊಯ್ದಿತು.

ಮೊದಲನೆಯದನ್ನು ಎಲ್ಲರೂ ಬಿಡಿಸಿದರು, ಅದು ಫೋನೇ, ಹತ್ತನೆಯ ತಪ್ಪಿಗೆ ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ. ಎಡವಿದ್ದು ಎರಡನೆಯದಕ್ಕೆ. ಪಕ್ಕದ ರಾಜ್ಯದ ಯುವರಾಜ ಮೀಸೆ ತಿರುವಿ 'ಉಪ್ಪು' ಎಂದ. ಆಸ್ಥಾನ ಪಂಡಿತರ ಮಗ, ಮಹಾತಾಯಿ ಎಂದೂ ಸುಳ್ಳಾಡಿದವರಲ್ಲ ಎಂದು ಹೊಗಳಿ 'ಸುಳ್ಳು' ಎಂದ. ಸಾಹುಕಾರನೊಬ್ಬ 'ಎಲೆಯಡಿಕೆ' ಎಂದ. ಫೋನು ಒಬ್ಬೊಬ್ಬರಿಗೂ ಮುನಿಸಿಕೊಂಡು ಕೂತಿತು. ಅವರೆಲ್ಲ ಬರಿದಾದ ಫೋನು ಹಿಡಿದು, ಮನೆಯ ನಂಬರೂ ನೆನಪಿಲ್ಲದೆ ಕೋಟೆಯ ಬಾಗಿಲಲ್ಲಿ ನಿಂತಿದ್ದಾರೆ. ಒಂಬತ್ತೂ ಮುಗಿದು ಇನ್ನುಳಿದದ್ದು ಒಂದೇ.

ಕೇಳುತ್ತಿದ್ದ ಕಾಶವ್ವ ಸೆರಗು ಬಾಯಿಗೆ ಒತ್ತಿ ನಗತೊಡಗಿದಳು. ಏನೆಂದು ಸಿದರಾಯ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಅವನ ಕೈ ಹಿಡಿದು, ನಾರು ಉಜ್ಜಿ ಒರಟಾದ ಅಂಗೈ ಮೇಲೆ ತೋರುಬೆರಳಿನಿಂದ ಮೆಲ್ಲಗೆ ಏನೋ ಬರೆದಳು. ಅವನಿಗೆ ಕಚಗುಳಿಯಾಯಿತು, ಆಮೇಲೆ ಕಣ್ಣು ತುಂಬಿ ಬಂತು. ಹೆಗಲ ಮೇಲಿನ ಟವೆಲ್ಲು ಕೊಡವಿ ಕೋಟೆಯ ದಾರಿ ಹಿಡಿದ.

ದಾರಿಯುದ್ದಕ್ಕೂ ಧೈರ್ಯವಿತ್ತು. ಸಭೆಯಲ್ಲಿ ಕತ್ತಿ ಹಿಡಿದವನನ್ನು ಕಂಡಾಗ ಮಾತ್ರ ಕಾಶವ್ವ ನೆನಪಾದಳು, ತಲೆ ಹೋದರೆ ಆ ತುದಿಯಲ್ಲಿ ರಾಟೆ ಹಿಡಿದವಳ ಗತಿಯೇನು? ಆದರೂ ಕೈಮುಗಿದು, "ಎರಡನೇದು ನಿಮ್ಮ ಹೆಸರರೀ, ದೊರಿ" ಎಂದ.

ದೊರೆ ತಲೆಯಾಡಿಸಿದ. "ಅದಾಗದ ಮಾತು. ಅವಳು ಒಮ್ಮೆಯೂ ನನ್ನ ಹೆಸರು ಹೇಳಿದವಳಲ್ಲ. ಮದುವೆಯಲ್ಲಿ ಹೆಂಗಸರೆಲ್ಲ ಸುತ್ತಗಟ್ಟಿ ಪ್ರಾಸ ಕಟ್ಟಿದ ಒಡಪಿನಲ್ಲಿ ಗಂಡನ ಹೆಸರು ಹೇಳು ಎಂದು ಕಾಡಿದರೂ ತುಟಿ ಬಿಚ್ಚಲಿಲ್ಲ. ಅದಕ್ಕೇ ಅದನ್ನು ಒತ್ತಲು ಯಾರಿಗೂ ಬಿಡಲಿಲ್ಲ."

"ಹೇಳಿಲ್ಲ ಖರೆರೀ. ಗಂಡನ ಹೆಸರ ಹೇಳಬಾರದು ಅಂತ ಬಾಯಿಗೆ ಬೇಲಿ ಹಾಕೇವಿ. ಬೆರಳಿಗೆ ಹಾಕೋದು ಮರತೇವಿ. ಅದs ಮೂರನೇದು. ಹೇಳಾಕ ಆಗದ್ದನ್ನ ತಾಯಿಯವರು ದಿನಾ ಬರದಾರರೀ."

ದೊರೆ ಫೋನನ್ನು ಯಾರ ಕೈಗೂ ಕೊಡಲಿಲ್ಲ. ತನ್ನ ಹೆಸರನ್ನು ತಾನೇ ಬರೆದ. ಮ, ಲ್ಲ, ರ, ಸ.

ಬೀಗ ತೆರೆಯಿತು.

ಒಳಗೆ ಅವಳ ದನಿಯ ತುಣುಕುಗಳಿದ್ದವು, ಎಲ್ಲವೂ ಒಂದೇ ಒಡಪು. "ಗಡಿಗಿ ತುಂಬ ಹಾಲು, ಕೋಟಿ ತುಂಬ ಆಳು, ಎಲ್ಲಾರಿಗೂ ದೊರಿ, ನನಗ ಮಾತ್ರ..." ಎಂದು ಅಲ್ಲಿಗೆ ಬರುವಷ್ಟರಲ್ಲಿ ನಾಚಿ ನಗುತ್ತಿದ್ದಳು. ಮದುವೆಯ ದಿನ ಆಗದಿದ್ದುದನ್ನು ಒಬ್ಬಳೇ ಕೂತು ಕಲಿಯುತ್ತಿದ್ದಳು, ಪಾಪ. ಕೊನೆಯ ತುಣುಕಿನಲ್ಲಿ ನಗು ತಡೆದುಕೊಂಡು ಮುಗಿಸಿದ್ದಳು. "ನನಗ ಮಾತ್ರ ಮಲ್ಲರಸ." ಆಮೇಲೆ ಮತ್ತೊಮ್ಮೆ ಮೆಲ್ಲಗೆ, "ಮಲ್ಲರಸಾ..."

ತುಂಬಿದ ಸಭೆಯಲ್ಲಿ ದೊರೆ "ಓ" ಎಂದ.

ಬಹಳ ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಂಡು ಅರ್ಧ ರಾಜ್ಯದ ಮಾತೆತ್ತಿದ, ಮಗಳ ಕಡೆಯೂ ನೋಡಿದ. ಸಿದರಾಯ ಗಾಬರಿಯಾಗಿ, ತನಗೆ ಒಬ್ಬಳಿದ್ದಾಳೆ, ಗಂಡನ ಹೆಸರನ್ನು ಅಂಗೈ ಮೇಲೆ ಬರೆದು ಉತ್ತರ ತೋರಿಸಿಕೊಟ್ಟವಳೂ ಅವಳೇ ಎಂದ. ರಾಜಕುಮಾರಿಗೆ ಹೋದ ಜೀವ ಬಂದಂತಾಯಿತು. ರಾಜ್ಯ ಆಳುವುದು ತನ್ನಿಂದಾಗದು, ಹಗ್ಗ ಹೊಸೆಯುವ ಬಯಲಿಗೆ ನೆರಳಿಲ್ಲ, ಎರಡು ಸಾಲು ಬೇವಿನ ಮರ ಹಾಕಿಸಿಕೊಟ್ಟರೆ ಸಾಕು ಎಂದು ಬೇಡಿದ. ದೊರೆ ಆ ಬಯಲನ್ನೇ ಕಾಶವ್ವನ ಹೆಸರಿಗೆ ಬರೆದುಕೊಟ್ಟ, ಮರಗಳಿಗೆ ಗುಂಡಿಯನ್ನೂ ತೋಡಿಸಿದ.

ಆ ಬೇವು ಈಗ ಆಳೆತ್ತರ ದಾಟಿದೆ. ಕಾಶವ್ವ ಇಂದಿಗೂ ಗಂಡನ ಹೆಸರು ಹೇಳುವುದಿಲ್ಲ, ಹಗ್ಗವನ್ನೇ ಎರಡು ಸಲ ಜಗ್ಗುತ್ತಾಳೆ. ಬಯಲಿನ ಈ ತುದಿಯಿಂದ ಸಿದರಾಯ, ಊರಿಗೆಲ್ಲ ಕೇಳುವ ಹಾಗೆ, "ಓ" ಎನ್ನುತ್ತಾನೆ.