ಲಾಡಸಾಬ ಬಿಚ್ಚದ ಗಂಟು

ಯಾವ ಇಸವಿ ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಸುಣಗನಾಳ ಅಂತ ಒಂದು ಊರು. ಊರ ಸುತ್ತ ಸುಣ್ಣದ ಭಟ್ಟಿಗಳು. ಕಲ್ಲು ಸುಡುವುದು, ಸುಣ್ಣ ಮಾಡುವುದು, ಸಂತೆಗೆ ಸಾಗಿಸುವುದು, ಅದೇ ಆ ಊರವರ ಬದುಕು. ನೆಲ ಬಿಳಿ, ಮಾಳಿಗೆ ಬಿಳಿ, ಮೇಯಲು ಹೋದ ಎಮ್ಮೆಯೂ ಬಿಳಿಯಾಗಿ ಮನೆಗೆ ಬರುತ್ತಿತ್ತು ಅಂತಾರೆ. ಎಮ್ಮೆಯ ಮಾತು ಸ್ವಲ್ಪ ಹೆಚ್ಚಾಯಿತೇನೋ, ಇರಲಿ.

ಆ ಊರವರಿಗೆ ಒಂದು ರೂಢಿ. ಬಾಯಿ ತೆರೆದದ್ದು ಏನು ಕಂಡರೂ ಅದಕ್ಕೆ ಅರಿವೆ ಕಟ್ಟುವುದು. ಕೊಡಕ್ಕೆ ಅರಿವೆ, ಹಾಲಿನ ಗಡಿಗೆಗೆ ಅರಿವೆ, ಕೂಸಿನ ತೊಟ್ಟಿಲಿಗೆ ಅರಿವೆ. ಕಟ್ಟದಿದ್ದರೆ ಗಾಳಿಯ ಜೊತೆ ಸುಣ್ಣದ ಧೂಳು ಒಳಗೆ ಹೋಗಿ ಎಲ್ಲವನ್ನೂ ಕೆಡಿಸುತ್ತಿತ್ತು. ಹೆಣ್ಣು ನೋಡಲು ಹೋದವರು ಹುಡುಗಿಯಿಂದ ಹಾಡು ಹೇಳಿಸುತ್ತಿರಲಿಲ್ಲ, ಒಂದು ಗಂಟು ಹಾಕಿಸಿ ನೋಡುತ್ತಿದ್ದರಂತೆ.

ಊರ ಹೊರಗೆ, ದರ್ಗಾಕ್ಕೆ ಹೋಗುವ ಹಾದಿಯಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ಲಾಡಸಾಬ. ಗಾಡಿ ರಿಪೇರಿ ಮಾಡುವ ಮಿಸ್ತ್ರಿ. ಎಲ್ಲಿಂದ ಬಂದ ಅಂತ ಯಾರಿಗೂ ಗೊತ್ತಿಲ್ಲ, ಹೆಂಡತಿ ಮಕ್ಕಳು ಅಂತ ಯಾರೂ ಇರಲಿಲ್ಲ. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಇಟ್ಟು, ಹಿಡಿಗೆ ಕಿವಿ ಕೊಟ್ಟು ಕೂತನೆಂದರೆ ಒಳಗಿನ ನೋವೆಲ್ಲ ಅವನಿಗೆ ಕೇಳುತ್ತಿತ್ತಂತೆ. ಒಂದು ಹನಿ ಆಯಿಲ್ ನಾಲಗೆಗೆ ಹಚ್ಚಿಕೊಂಡು, ಈ ಗಾಡಿ ಮೊನ್ನೆ ಗುಡ್ಡ ಹತ್ತಿ ಬಂದಿದೆ ಅಂತ ಹೇಳುತ್ತಿದ್ದನಂತೆ. ನಾನು ಇದನ್ನು ನಂಬುವುದಿಲ್ಲ. ನಂಬದಿದ್ದರೂ ಹೇಳದೆ ಬಿಡಲು ಮನಸ್ಸಾಗುವುದಿಲ್ಲ.

ಅದೇ ಊರಲ್ಲಿ ಫಕೀರವ್ವ ಅಂತ ಒಬ್ಬಳು. ಅವಳ ಗಂಡ ಭರಮಪ್ಪನಿಗೆ ಒಂದು ಹಳೆಯ ಲಾರಿ ಇತ್ತು. ಗಂಡ ಹೆಂಡತಿ ಇಬ್ಬರೂ ಅದರಲ್ಲೇ ಕೂತು ಸುಣ್ಣ ತುಂಬಿಕೊಂಡು ಸಂತೆ ತಿರುಗುವರು. ಭರಮಪ್ಪ ಹಾಡು ಹೇಳುತ್ತ ಓಡಿಸುವನು, ಅವಳು ಪಕ್ಕದಲ್ಲಿ ಕೂತು ಗೇರು ಹಾಕುವುದನ್ನು ನೋಡಿ ನೋಡಿ ಕಲಿತಳು. ಒಂದು ಸಂಜೆ ಎದೆ ನೋವು ಅಂತ ಮಲಗಿದ ಭರಮಪ್ಪ ಬೆಳಿಗ್ಗೆ ಏಳಲಿಲ್ಲ. ಮಕ್ಕಳಿರಲಿಲ್ಲ. ಉಳಿದದ್ದು ಅವಳು ಮತ್ತು ಆ ಲಾರಿ.

ಗಂಡನ ದಿನಕರ್ಮ ಮುಗಿದ ಮೇಲೆ ಫಕೀರವ್ವ ತಾನೇ ಸ್ಟೇರಿಂಗ್ ಹಿಡಿದಳು. ಊರು ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಆದರೆ ಲಾರಿ ಅವಳ ಮಾತು ಕೇಳಲಿಲ್ಲ. ಆಯಿಲ್ ಸೋರಲು ಹತ್ತಿತು. ಮೊದಲು ಒಂದೊಂದು ಹನಿ, ಆಮೇಲೆ ಧಾರೆ. ಬಿಳಿ ನೆಲದ ಮೇಲೆ ಕರಿ ಕಲೆ ಬಿದ್ದರೆ ಮುಚ್ಚಿಡಲು ಆಗುತ್ತದೆಯೇ? ಅವಳು ಎಲ್ಲೆಲ್ಲಿ ನಿಂತಿದ್ದಳು, ಎಷ್ಟು ಹೊತ್ತು ನಿಂತಿದ್ದಳು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು. ಪೇಟೆಯ ಮಿಸ್ತ್ರಿಗಳು ಮೂರು ಸಲ ಇಂಜಿನ್ನಿನ ಸಂದಿಗಳಿಗೆ ಕೂರಿಸುವ ಪ್ಯಾಕಿಂಗ್ ಬದಲಿಸಿದರು. ಹೊಸ ಪ್ಯಾಕಿಂಗಿನಲ್ಲೂ ಎರಡೇ ದಿನಕ್ಕೆ ಸೋರಿತು. ಇಂಜಿನ್ನಿಗೆ ವಯಸ್ಸಾಯಿತು, ಇನ್ನು ಇದರ ಆಸೆ ಬಿಡು ಅಂದರು. ಕೊನೆಗೆ ಅವಳ ಮೈದುನ ಗುಜರಿಯವನಿಗೆ ಹೇಳಿಕಳಿಸಿದ. ಹುಣ್ಣಿಮೆ ದಿನ ಬಂದು ಲಾರಿಯನ್ನು ಒಡೆದು ಒಯ್ಯುವುದು ಅಂತ ಮಾತಾಯಿತು.

ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು. ಫಕೀರವ್ವ ಲಾರಿಯನ್ನು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದಳು. ಲಾಡಸಾಬಣ್ಣ, ಇದೊಂದು ಉಳಿಸಿಕೊಡಿ ಅಂತ ಕೇಳಿದಳು. ಲಾರಿ ಹೋದರೆ ತಾನು ಭರಮಪ್ಪನ ಹೆಂಡತಿಯಾಗಿದ್ದೆ ಅನ್ನುವುದಕ್ಕೆ ಏನೂ ಉಳಿಯುವುದಿಲ್ಲ ಅಂತ ಅವಳಿಗೆ ಅನಿಸಿತ್ತು.

ಲಾಡಸಾಬ ಲಾರಿಯ ಸುತ್ತ ಒಂದು ಸಲ ಬಂದ. ಇಲ್ಲಿ ಹನಿ ಬೀಳುತ್ತಿದೆ ನೋಡಿ ಅಂತ ಅವಳು ನೆಲ ತೋರಿಸಿದರೆ ಅವನು ನೆಲ ನೋಡಲೇ ಇಲ್ಲ.

"ಎಣ್ಣಿ ಸೋರೂದು ಒಂದ ಕಡೆ, ಬೀಳೂದು ಒಂದ ಕಡೆ," ಅಂದ. "ನೆಲಾ ನೋಡಿ ಔಷಧಾ ಕೊಡಾಕ ಆಗಂಗಿಲ್ಲ."

ಆಮೇಲೆ ಡೀಸೆಲ್ಲಿನಲ್ಲಿ ಅದ್ದಿದ ಅರಿವೆಯಿಂದ ಇಂಜಿನ್ನಿನ ಮೇಲ್ಭಾಗ, ಎರಡೂ ಪಕ್ಕ ಒರೆಸಿದ. ಕೂಸಿಗೆ ಎರೆದ ಹಾಗೆ ಒರೆಸಿದ ಅಂತಾರೆ. ಚೆನ್ನಾಗಿ ಒಣಗಿದ ಮೇಲೆ ಭಟ್ಟಿಯಿಂದ ಒಂದು ಹಿಡಿ ಸುಣ್ಣದ ಪುಡಿ ತರಿಸಿ, ಸೋಸಿ, ಒರೆಸಿದ ಕಡೆಯೆಲ್ಲ ತೆಳ್ಳಗೆ ಉದುರಿಸಿದ. ಗುಡ್ಡದ ತನಕ ಹೋಗಿ ಬಾ ಅಂದ. ಅವಳು ಹೋಗಿ ಬಂದಳು. ಬಾನೆಟ್ ಎತ್ತಿ ನೋಡಿದರೆ ಬಿಳಿ ಪುಡಿಯ ಮೇಲೆ ಕರಿ ಗೆರೆಗಳು ಇಳಿದಿದ್ದವು, ಒಂದಲ್ಲ, ಐದು ಕಡೆ. ಲಾಡಸಾಬ ಇಂಜಿನ್ ಚಾಲೂ ಇಟ್ಟುಕೊಂಡೇ ಆಯಿಲ್ ಹಾಕುವ ಬಾಯಿಯ ಮುಚ್ಚಳ ಸಡಿಲಿಸಿದ. ಮುಚ್ಚಳ ಪುಸ್ ಅಂತ ಹಾರಿ ಅವನ ಎದೆಗೆ ಬಡಿಯಿತು. ಅವನು ನಕ್ಕನಂತೆ.

"ಒಂದ ಕಡೆ ಸೋರಿದ್ರ ಪ್ಯಾಕಿಂಗ್ ಕೆಟ್ಟೈತಿ ಅಂತಿದ್ದೆ, ಫಕೀರವ್ವ. ಇದು ಐದು ಕಡೆ ಸೋರಾಕತ್ತೈತಿ. ಇದಕ್ಕ ಉಸರು ಕಟ್ಟೈತಿ."

ಇಂಜಿನ್ನಿಗೂ ಉಸಿರಾಟ ಇರುತ್ತದೆ, ಕೇಳಿ. ಒಳಗಿನ ಬಿಸಿ ಗಾಳಿ ಹೊರಗೆ ಹೋಗಲು ಪಕ್ಕದಲ್ಲಿ ಒಂದು ಸಣ್ಣ ಕೊಳವೆ ಬಿಟ್ಟಿರುತ್ತಾರೆ. ಆ ಬಾಯಿ ಮುಚ್ಚಿದರೆ ಒಳಗಿನ ಗಾಳಿ ಸುಮ್ಮನಿರುವುದಿಲ್ಲ, ಸಂದಿ ಸಿಕ್ಕಲ್ಲೆಲ್ಲ ಆಯಿಲನ್ನು ಹೊರಗೆ ನೂಕುತ್ತದೆ. ಎಷ್ಟು ಪ್ಯಾಕಿಂಗ್ ಬದಲಿಸಿದರೂ ಅಷ್ಟೇ. ಲಾಡಸಾಬ ಲಾರಿಯ ಕೆಳಗೆ ನುಸುಳಿ ಆ ಕೊಳವೆಯ ತುದಿ ಹುಡುಕಿದ. ಅದರ ಬಾಯಿಗೆ ಎರಡು ಬೆರಳು ದಪ್ಪ ಜಿಡ್ಡು ಮೆತ್ತಿತ್ತು. ಕೆರೆದು ನೋಡಿದರೆ ಒಳಗೆ ಅರಿವೆ. ಮಡಿಸಿ, ಬಿಗಿದು, ಗಂಟು ಹಾಕಿದ ಅರಿವೆ.

ಫಕೀರವ್ವನೂ ಕೆಳಗೆ ಬಗ್ಗಿ ನೋಡಿದಳು. ಅದು ಅವಳದೇ ಹಳೆಯ ಸೀರೆಯ ಅಂಚು. ಗಂಟು ಎಡಕ್ಕೆ ತಿರುಗಿತ್ತು. ಊರಲ್ಲಿ ಎಡಗೈಯಲ್ಲಿ ಗಂಟು ಹಾಕುವವನು ಭರಮಪ್ಪ ಒಬ್ಬನೇ. ಬಾಯಿ ತೆರೆದ ಕೊಳವೆ ಕಂಡಿದೆ, ಧೂಳು ಹೋದೀತು ಅಂತ ಕಟ್ಟಿದ್ದಾನೆ. ಸಾಯುವ ದಿನ ಸಂಜೆ ಅವನು ಅವಳ ಹತ್ತಿರ ಒಂದು ತುಂಡು ಅರಿವೆ ಕೇಳಿದ್ದು ಅವಳಿಗೆ ಆಗ ನೆನಪಾಯಿತು.

"ಅದು ನಮ್ಮವರ ಗಂಟ್ರಿ," ಅಂದಳು. "ಮುಟ್ಟಬ್ಯಾಡ್ರಿ."

ಬೇರೆ ಮಿಸ್ತ್ರಿಯಾಗಿದ್ದರೆ ಬ್ಲೇಡು ತಂದು ಚರಕ್ಕನೆ ಕೊಯ್ದು ಎಸೆಯುತ್ತಿದ್ದ. ಲಾಡಸಾಬ ಕೈ ಹಿಂದಕ್ಕೆ ತೆಗೆದುಕೊಂಡ.

"ನಾ ಮುಟ್ಟಂಗಿಲ್ಲ. ಇದು ಹತ್ತಿರದವರು ಬಿಚ್ಚೂ ಗಂಟು."

ಅಷ್ಟು ಹೇಳಿ ಬೇರೆ ಕೆಲಸಕ್ಕೆ ಕೂತ. ಒಂದು ದಿನ ಹೋಯಿತು, ಎರಡು ದಿನ ಹೋಯಿತು, ಮೂರು ದಿನ ಹೋಯಿತು. ಫಕೀರವ್ವ ದಿನಾ ಬಂದು ಲಾರಿಯ ನೆರಳಲ್ಲಿ ಕೂತು ಹೋಗುವಳು. ಅವನು ಆಯಿತೇ ಅಂತ ಕೇಳಲಿಲ್ಲ, ಹೊತ್ತಾಯಿತು ಅಂತಲೂ ಅನ್ನಲಿಲ್ಲ. ಗಂಟು ಬಿಚ್ಚಿದರೆ ಭರಮಪ್ಪನ ಕೈ ಹೋಗುತ್ತದೆ, ಬಿಚ್ಚದಿದ್ದರೆ ಲಾರಿ ಹೋಗುತ್ತದೆ. ಅವಳು ಅತ್ತಳು, ಅತ್ತು ಸಾಕಾಗಿ ಸುಮ್ಮನಾದಳು.

ಹುಣ್ಣಿಮೆಯ ಬೆಳಿಗ್ಗೆ ಗುಜರಿಯವನು ಸುತ್ತಿಗೆ ಹಿಡಿದುಕೊಂಡು ಬಂದ, ಮೈದುನನೂ ಬಂದ. ಆಗ ಫಕೀರವ್ವ ಎದ್ದು ಸೆರಗು ಸೊಂಟಕ್ಕೆ ಸಿಗಿಸಿ ಲಾರಿಯ ಕೆಳಗೆ ಹೋದಳು. ಗಂಟು ಕಲ್ಲಾಗಿತ್ತು. ಉಗುರು ಮುರಿಯಿತು. ಬಲಗೈಗೆ ಅದು ಬಗ್ಗಲಿಲ್ಲ, ಎಡಗೈಯಿಂದ ಹಿಡಿದ ಮೇಲೆ ಸಡಿಲಾಯಿತು. ಒಬ್ಬರು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಹಿಡಿಯಿತು ಅಂತಾರೆ. ಲಾಡಸಾಬ ಇಂಜಿನ್ ಚಾಲೂ ಮಾಡಿದ. ಕೊಳವೆಯಿಂದ ಬಿಸಿ ಉಸಿರು ಬಂದು ಅವಳ ಕೆನ್ನೆಗೆ ತಾಗಿತು. ಆಮೇಲೆ ಅವನು ಹೊಸ ಪ್ಯಾಕಿಂಗ್ ಕೊಯ್ದು ಕೂರಿಸಿದ. ಆ ಲಾರಿ ಮುಂದೆ ಎಲ್ಲಿ ನಿಂತರೂ ನೆಲ ಬಿಳಿಯಾಗಿಯೇ ಉಳಿಯಿತು. ಗುಜರಿಯವನು ಬರಿಗೈಯಲ್ಲಿ ಹೋದ.

ಅಂದಿನಿಂದ ಸುಣಗನಾಳದಲ್ಲಿ ಒಂದು ಪದ್ಧತಿ ಬಂತು. ಯಾರಾದರೂ ತೀರಿಕೊಂಡರೆ ಅವರು ಕಡೆಯದಾಗಿ ಕಟ್ಟಿದ ಗಂಟನ್ನು ಬೇರೆಯವರು ಮುಟ್ಟುವುದಿಲ್ಲ. ಹತ್ತಿರದವರು ಬಂದು ತಮ್ಮ ಕೈಯಾರೆ ಬಿಚ್ಚಬೇಕು.

ಫಕೀರವ್ವ ಬಹಳ ವರ್ಷ ಲಾರಿ ಓಡಿಸಿದಳು. ತಿಂಗಳಿಗೊಮ್ಮೆ ಬೇವಿನ ಮರದ ಹತ್ತಿರ ನಿಲ್ಲಿಸುವಳು. ಏನೋ ಸದ್ದು ಬರುತ್ತಿದೆ ಅನ್ನುವಳು. ಸದ್ದು ಗಿದ್ದು ಏನೂ ಇರುತ್ತಿರಲಿಲ್ಲ. ಲಾಡಸಾಬ ಕಿವಿ ಇಟ್ಟು ಕೇಳಿ, ಹೌದು, ಸಣ್ಣಗೆ ಬರುತ್ತಿದೆ ಅನ್ನುವನು. ಇಲ್ಲದ ಸದ್ದನ್ನು ಹುಡುಕುತ್ತ ಇಬ್ಬರಿಗೂ ಅರ್ಧ ದಿನ ಕಳೆಯುತ್ತಿತ್ತು. ಯಾವಾಗಿನಿಂದಲೋ ಅವಳು ಅವನನ್ನು ಅಣ್ಣ ಅನ್ನುವುದನ್ನು ಬಿಟ್ಟಳು. ಬದಲಿಗೆ ಏನೂ ಅನ್ನಲಿಲ್ಲ, ಇಲ್ನೋಡ್ರಿ ಅಂತ ಮಾತು ಶುರು ಮಾಡುವಳು, ಅಷ್ಟೇ. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಅವನಿಗೂ ಆಗಿತ್ತು ಅಂತ ನಾನು ಹೇಳುತ್ತೇನೆ. ಅವನು ದರ್ಗಾದ ಕಡೆಯವನು, ಅವಳು ಭರಮಪ್ಪನ ಹೆಂಡತಿ. ಇಬ್ಬರೂ ಬಾಯಿ ಬಿಡಲಿಲ್ಲ.

ಲಾಡಸಾಬ ತೀರಿಕೊಂಡ. ನಲವತ್ತನೆಯ ದಿನ ಊರೆಲ್ಲ ಬೇವಿನ ಮರದ ಕೆಳಗೆ ಸೇರಿತು. ಅವನ ಸ್ಪ್ಯಾನರುಗಳ ತಗಡಿನ ಪೆಟ್ಟಿಗೆ ನಡುವೆ ಇತ್ತು, ಹಗ್ಗದಿಂದ ಬಿಗಿದು ಅವನೇ ಗಂಟು ಹಾಕಿದ್ದು. ದರ್ಗಾದ ಹಿರಿಯರು ಎದ್ದು, ಹತ್ತಿರದವರು ಯಾರಾದರೂ ಇದ್ದರೆ ಬರಬೇಕು ಅಂದರು. ಯಾರೂ ಏಳಲಿಲ್ಲ. ಹೆಂಗಸರ ಸಾಲಿನ ಕೊನೆಯಲ್ಲಿ ಫಕೀರವ್ವ ಎರಡೂ ಕೈ ನೆಲಕ್ಕೆ ಊರಿದ್ದಳು. ಏಳಬೇಕು ಅಂತಲೇ ಊರಿದ್ದಳು. ಸುತ್ತ ಎಲ್ಲರ ಕಣ್ಣುಗಳಿದ್ದವು. ಅವಳು ಏಳಲಿಲ್ಲ. ಪೆಟ್ಟಿಗೆ ಹಾಗೇ ಉಳಿಯಿತು.

ಮರು ವರ್ಷ ಅದೇ ದಿನ ಮತ್ತೆ ಕೇಳಿದರು. ಅದರ ಮರು ವರ್ಷವೂ ಕೇಳಿದರು. ಪ್ರತಿ ವರ್ಷ ಅವಳು ಬಂದಳು, ಅದೇ ಜಾಗದಲ್ಲಿ ಕೂತಳು, ಕೈ ಊರಿದಳು, ಮನೆಗೆ ಹೋದಳು. ಹೀಗೆ ಮುಪ್ಪಾಯಿತು. ಒಂದು ವರ್ಷ ಹಿರಿಯರು ಕೇಳಿದಾಗ ಫಕೀರವ್ವ ಇರಲಿಲ್ಲ, ಆ ಬೇಸಿಗೆ ಅವಳೂ ಹೋಗಿದ್ದಳು. ಆಗ ಯಾರೂ ಹೇಳಿಕೊಡದೆ ಊರಿಗೆ ಊರೇ ತಿರುಗಿ ಅವಳು ಕೂರುತ್ತಿದ್ದ ಜಾಗ ನೋಡಿತು. ಎಲ್ಲರಿಗೂ ಮೊದಲಿನಿಂದ ಗೊತ್ತಿತ್ತು ಅಂತ ಎಲ್ಲರಿಗೂ ಗೊತ್ತಾದದ್ದು ಅವತ್ತು. ಒಬ್ಬರಾದರೂ ಮೊದಲೇ, ಏಳವ್ವ, ನಾವೇನೂ ಅನ್ನುವುದಿಲ್ಲ ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಆ ಗಂಡಸರು ಹೆಂಗಸರು ಅವತ್ತು ತಲೆ ತಗ್ಗಿಸಿಕೊಂಡು ಮನೆಗೆ ಹೋದರು ಅಂತಾರೆ.

ಪೆಟ್ಟಿಗೆ ಈಗಲೂ ಅಲ್ಲೇ ಇದೆ, ಬಿಚ್ಚಿಲ್ಲ. ವರ್ಷಕ್ಕೊಂದು ದಿನ ಸುತ್ತಲಿನ ಲಾರಿಯವರು, ಬಸ್ಸಿನವರು, ಮಿಸ್ತ್ರಿಗಳು ಬಂದು ಇಂಜಿನ್ ಬಂದ್ ಮಾಡಿ ಮರದ ಕೆಳಗೆ ಕೂರುತ್ತಾರೆ. ಹೆಂಗಸರ ಸಾಲಿನ ಕೊನೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿರುತ್ತಾರೆ. ಹತ್ತಿರದವರು ಯಾರಾದರೂ ಇದ್ದರೆ ಬರಬೇಕು ಅಂತ ಹಿರಿಯರು ಕೇಳುತ್ತಾರೆ. ಮುದುಕಿಯೊಬ್ಬಳು ಕೈ ಊರಿ ನಿಧಾನವಾಗಿ ಎದ್ದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಗಾಡಿ ಚಾಲೂ ಮಾಡಿಕೊಂಡು ಹೋಗುತ್ತಾರೆ.